ಟೆಂಟ್, ಟಾರ್ಪ್, ಹ್ಯಾಮಕ್: ಹಗುರ ಚಾರಣಕ್ಕೆ ರಾತ್ರಿಯ ಆಸರೆಯ ಆಯ್ಕೆ

ಹಲವು ದಿನಗಳ ಚಾರಣಕ್ಕೆ ಹೊರಡುವವರು ಬೆನ್ನಿನ ಭಾರ ಇಳಿಸಬೇಕೆಂದು ಮನಸ್ಸು ಮಾಡಿದಾಗ ಮೊದಲು ಕೈಹಾಕುವುದು ಸಣ್ಣಪುಟ್ಟ ವಸ್ತುಗಳಿಗೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ತುಂಡರಿಸುತ್ತಾರೆ, ಟವೆಲ್ಲನ್ನು ಅರ್ಧ ಮಾಡುತ್ತಾರೆ, ಸೋಪಿನ ಹೋಳೊಂದನ್ನೇ ಕಟ್ಟಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿದರೂ ಉಳಿಯುವುದು ನೂರಿನ್ನೂರು ಗ್ರಾಂ. ಅದೇ ಚೀಲದ ತಳದಲ್ಲಿ 3 ಕಿಲೋ ತೂಗುವ ಟೆಂಟು, 2 ಕಿಲೋ ತೂಗುವ ಸ್ಲೀಪಿಂಗ್ ಬ್ಯಾಗು ಇರುತ್ತವೆ. ಅವೆರಡನ್ನು ಹಿಡಿಸಲೆಂದೇ ಕೊಂಡ 65 ಲೀಟರಿನ ಬೆನ್ನುಚೀಲ ತಾನೇ 2 ಕಿಲೋ ಮೀರಿರುತ್ತದೆ. ಅಡುಗೆಮನೆಯ ತಕ್ಕಡಿಯ ಮೇಲೆ ಒಂದೊಂದನ್ನೂ ಇಟ್ಟು ನೋಡಿದವರಿಗೆ ಭಾರದ ಬಹುಪಾಲು ಇರುವುದು ರಾತ್ರಿ ಮಲಗುವ ಏರ್ಪಾಡಿನಲ್ಲಿ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಆಹಾರ, ನೀರು ಮತ್ತು ಇಂಧನವನ್ನು ಬಿಟ್ಟು ಚೀಲದಲ್ಲಿ ಉಳಿಯುವುದನ್ನು ಮೂಲ ತೂಕವೆಂದು ಲೆಕ್ಕ ಹಿಡಿಯುವುದು ರೂಢಿ. ಅದು 9 ಕಿಲೋ ಒಳಗಿದ್ದರೆ ಹಗುರವೆಂದೂ, 4.5 ಕಿಲೋ ಒಳಗಿದ್ದರೆ ಅತಿ ಹಗುರವೆಂದೂ ಕರೆಯುತ್ತಾರೆ. ಈ ಗೆರೆಗಳನ್ನು ಎಳೆದವರು ಅಮೆರಿಕದ ಚಾರಣಿಗರು. ಅಲ್ಲಿನ ಪೌಂಡಿನ ಲೆಕ್ಕದಲ್ಲಿ ಅವು ಇಪ್ಪತ್ತು ಮತ್ತು ಹತ್ತು ಪೌಂಡುಗಳ ಗುಂಡು ಸಂಖ್ಯೆಗಳಷ್ಟೇ ಆಗಿರುವುದರಿಂದ ನಾವು ಅವನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಇದಕ್ಕೆ ಹತ್ತಿರದ ಮಾತು. ಹಗುರ ಚಾರಣದ ಜ್ಞಾನದಲ್ಲಿ ಹೆಚ್ಚಿನದು ಒಣ ಹವೆಯ ನಾಡಿನಲ್ಲಿ ಹುಟ್ಟಿದೆ. ಪಶ್ಚಿಮ ಘಟ್ಟದಲ್ಲಿ ನಡೆಯುವ ನಾವು ಹೋರಾಡಬೇಕಾದುದು ತೇವದೊಡನೆ, ನೆಲದ ಮೇಲೆ ಹರಿದಾಡುವ ಜೀವಿಗಳೊಡನೆ. ಹಿಮಾಲಯದಲ್ಲಿ ಗಾಳಿಯೊಡನೆ ಮತ್ತು ಚಳಿಯೊಡನೆ. ಆದ್ದರಿಂದ ಗ್ರಾಂಗಳನ್ನು ಎಣಿಸುವ ಮೊದಲು ನೆಲವನ್ನೂ ಹವೆಯನ್ನೂ ನೋಡಬೇಕು.

ಮೊದಲ ಪ್ರಶ್ನೆ: ಆಸರೆಯನ್ನು ಹೊರಲೇಬೇಕೇ?

ಟೆಂಟೋ ಟಾರ್ಪೋ ಎಂದು ಯೋಚಿಸುವ ಮುನ್ನ ಎರಡನ್ನೂ ಹೊರದೆ ನಡೆಯಬಹುದಾದ ದಾರಿಗಳಿವೆ ಎಂಬುದನ್ನು ನೆನಪಿಡಬೇಕು. ಪಶ್ಚಿಮ ಬಂಗಾಳದ ಸಿಂಗಲೀಲಾ ಸಾಲಿನಲ್ಲಿ ಮಾನೆಭಂಜನ್‌ನಿಂದ ಹೊರಟು 3,636 ಮೀಟರ್ ಎತ್ತರದ ಸಂದಕ್‌ಫುವಿನವರೆಗೆ ನಡೆಯುವವರಿಗೆ ದಿನದ ನಡಿಗೆಯ ಕೊನೆಯಲ್ಲಿ ವಸತಿಗೃಹವೊಂದು ಸಿಗುತ್ತದೆ. ನೇಪಾಳದ ಅನ್ನಪೂರ್ಣಾ ಸುತ್ತಿನಲ್ಲಿ 5,416 ಮೀಟರಿನ ಥೊರೊಂಗ್ ಲಾ ಎಂಬ ಕಣಿವೆದಾರಿಯನ್ನು ದಾಟುವಾಗಲೂ ಎರಡೂ ಬದಿಯಲ್ಲಿ ಚಹಾದಂಗಡಿಗಳೇ ತಂಗುದಾಣಗಳು. ಹಾಸಿಗೆ, ರಜಾಯಿ, ಬಿಸಿ ಊಟ ಎಲ್ಲವೂ ಅಲ್ಲಿರುತ್ತವೆ. ಇಂಥ ದಾರಿಗೆ ಟೆಂಟು ಹೊತ್ತವರು ಹತ್ತು ದಿನ ವ್ಯರ್ಥವಾಗಿ ದಣಿಯುತ್ತಾರೆ.

ನಮ್ಮಲ್ಲಿಯೂ ಇದಕ್ಕೆ ಹಳೆಯ ಮಾದರಿಯಿದೆ. ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನೂರಾರು ಕಿಲೋಮೀಟರ್ ನಡೆಯುವ ಪಾದಯಾತ್ರಿಗಳ ಹೆಗಲಲ್ಲಿರುವುದು ಒಂದು ಕೈಚೀಲ, ಒಂದು ಹೊದಿಕೆ, ಒಂದು ನೀರಿನ ಬಾಟಲಿ. ದಾರಿಯುದ್ದಕ್ಕೂ ಊರವರು ಹಾಕಿದ ಚಪ್ಪರ ಮತ್ತು ದಾಸೋಹಗಳೇ ಅವರ ಆಸರೆ. ದೂರದ ನಡಿಗೆಯಲ್ಲಿ ಅವರಿಗಿಂತ ಹಗುರವಾಗಿ ನಡೆಯುವವರನ್ನು ನಾನು ಕಂಡಿಲ್ಲ.

ಕರ್ನಾಟಕದ ಕಾಡುಗಳ ವಿಷಯದಲ್ಲಂತೂ ಈ ಪ್ರಶ್ನೆ ಕಾನೂನಿನದೂ ಹೌದು. ಕುದುರೆಮುಖಕ್ಕೆ ಅರಣ್ಯ ಇಲಾಖೆಯಿಂದ ಮೊದಲೇ ಅನುಮತಿ ಪಡೆದು, ಬೆಳಿಗ್ಗೆ ಹೊರಟು, ಸಂಜೆಯೊಳಗೆ ಕೆಳಗಿಳಿಯಬೇಕು. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಉಳಿಯುವಂತಿಲ್ಲ. ಪುಷ್ಪಗಿರಿ ಅಭಯಾರಣ್ಯದೊಳಗಿರುವ ಕುಮಾರ ಪರ್ವತಕ್ಕೂ ಅನುಮತಿ ಬೇಕು. ಉತ್ತರಾಖಂಡದ ಎತ್ತರದ ಹುಲ್ಲುಗಾವಲುಗಳಾದ ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿಯೇ ನಿಷೇಧಿಸಿತು. ಹೀಗಾಗಿ ಸ್ವಂತ ಆಸರೆ ನಿಜಕ್ಕೂ ಬೇಕಾಗುವುದು ಹಿಮಾಚಲ, ಲಡಾಖ್, ಕಾಶ್ಮೀರದಂತಹ ಕಡೆ ಅನುಮತಿಯಿರುವ ದಾರಿಗಳಲ್ಲಿ, ವಿದೇಶದ ದೀರ್ಘ ದಾರಿಗಳಲ್ಲಿ, ಮತ್ತು ಇಲ್ಲಿ ಊರಿಂದೂರಿಗೆ ನಡೆಯುವಾಗ ಪರಿಚಿತರ ತೋಟದಲ್ಲೋ ಗದ್ದೆಯಂಚಿನಲ್ಲೋ ಒಪ್ಪಿಗೆ ಕೇಳಿ ಮಲಗುವಾಗ. ಮುಂದಿನ ಹೋಲಿಕೆ ಅಂಥವರಿಗಾಗಿ.

ಟೆಂಟು: ಎರಡು ಪದರವೋ, ಒಂದು ಪದರವೋ

ಎಲ್ಲರಿಗೂ ಪರಿಚಿತವಾದ ಟೆಂಟಿಗೆ ಎರಡು ಪದರಗಳಿರುತ್ತವೆ: ಒಳಗೆ ಬಲೆಯ ಕೋಣೆ, ಹೊರಗೆ ಮಳೆ ತಡೆಯುವ ಬಟ್ಟೆ. ಒಬ್ಬರಿಗೆ ಸಾಲುವ ಒಳ್ಳೆಯ ಎರಡು ಪದರದ ಟೆಂಟು ಈಗ 1ರಿಂದ 1.4 ಕಿಲೋ ತೂಕದಲ್ಲಿ ಸಿಗುತ್ತದೆ. ಒಂದೇ ಪದರದ, ಕಂಬಿಗಳಿಗೆ ಬದಲಾಗಿ ನಡಿಗೆಯ ಕೋಲುಗಳನ್ನೇ ಊರಿ ನಿಲ್ಲಿಸುವ ಟೆಂಟು 500ರಿಂದ 900 ಗ್ರಾಂ. ಕಾಗದದ ಮೇಲೆ ನೋಡಿದರೆ ಎರಡನೆಯದನ್ನೇ ಕೊಳ್ಳಬೇಕು. ಆದರೆ ಕಾಗದದ ಮೇಲೆ ಕಾಣದ ಸಂಗತಿಯೊಂದು ಬೆಳಗಿನ ಜಾವ ಕಾಣುತ್ತದೆ.

ಮಲೆನಾಡಿನ ಹಳ್ಳದ ದಂಡೆಯ ತೋಟವೊಂದರಲ್ಲಿ ಅಕ್ಟೋಬರ್ ಕೊನೆಯ ವಾರ ನಾನು ಒಂದೇ ಪದರದ ಟೆಂಟಿನಲ್ಲಿ ಮಲಗಿದ್ದೆ. ಮಳೆಯಿರಲಿಲ್ಲ, ಗಾಳಿಯೂ ಇರಲಿಲ್ಲ. ಐದು ಗಂಟೆಗೆ ಎಚ್ಚರವಾಗಿ ಟಾರ್ಚ್ ಹಾಕಿದಾಗ ತಲೆಯ ಮೇಲಿನ ಬಟ್ಟೆಯ ಒಳಮೈ ಸಾಸಿವೆ ಕಾಳು ಹರಡಿದಂತೆ ಹನಿಗಳಿಂದ ತುಂಬಿತ್ತು. ಜಿಪ್ ಎಳೆಯಲು ಕೈಚಾಚಿದಾಗ ಮೊಣಕೈ ತಗಲಿ, ಆ ಹನಿಗಳು ಒಂದಕ್ಕೊಂದು ಕೂಡಿ ಗೆರೆಯಾಗಿ ಹರಿದು, ಹೊದ್ದಿದ್ದ ಸ್ಲೀಪಿಂಗ್ ಬ್ಯಾಗಿನ ಕಾಲಿನ ಭಾಗವನ್ನು ಪೂರ್ತಿ ತೋಯಿಸಿದವು. ನಮ್ಮ ಉಸಿರು ಮತ್ತು ಮೈಯಿಂದ ರಾತ್ರಿಯಿಡೀ ಹೊರಬರುವ ನೀರು ಒಂದೆರಡು ಲೋಟಕ್ಕೆ ಕಡಿಮೆಯಿಲ್ಲ. ಒಣ ಹವೆಯಲ್ಲಿ ಅದು ಕಿಂಡಿಗಳಿಂದ ಹೊರಗೆ ಹೋಗುತ್ತದೆ. ಹೊರಗಿನ ಗಾಳಿಯೇ ನೀರಿನಿಂದ ತುಂಬಿರುವಾಗ, ಪಕ್ಕದಲ್ಲಿ ಹಳ್ಳವೂ ಇರುವಾಗ, ಅದು ಹೋಗುವುದಾದರೂ ಎಲ್ಲಿಗೆ? ಎರಡು ಪದರದ ಟೆಂಟಿನಲ್ಲಿಯೂ ಇದು ನಡೆಯುತ್ತದೆ. ಆದರೆ ಹನಿ ಕಟ್ಟುವುದು ಹೊರಪದರಕ್ಕೆ, ಮೈ ತಗಲುವುದು ಒಳಬಲೆಗೆ.

ಹೀಗಾಗಿ ನನ್ನ ತೀರ್ಮಾನ ಹೀಗಿದೆ. ಲಡಾಖ್, ಸ್ಪಿತಿಯಂತಹ ಒಣ ಎತ್ತರಕ್ಕೆ ಒಂದು ಪದರ ಸಾಕು. ಘಟ್ಟದ ಸೀಮೆಗೆ ಮತ್ತು ಮಳೆಗಾಲದ ಹಿಮಾಚಲಕ್ಕೆ ಎರಡು ಪದರವೇ ಸರಿ, ಅದಕ್ಕಾಗಿ 400 ಗ್ರಾಂ ಹೆಚ್ಚು ಹೊತ್ತರೆ ನಷ್ಟವಿಲ್ಲ. ಕುಲ್ಲು ಬದಿಯ ಹಸಿರಿನಿಂದ ಲಾಹೌಲಿನ ಬೋಳು ನೆಲಕ್ಕೆ ದಾಟಿಸುವ ಹಂಪ್ತಾ ಪಾಸ್‌ನಂತಹ ದಾರಿಯಲ್ಲಿ ಎರಡೂ ಹವೆಗಳು ಒಂದೇ ವಾರದಲ್ಲಿ ಎದುರಾಗುತ್ತವೆ. ಅಲ್ಲಿ ಹಸಿ ಬದಿಯನ್ನು ನೋಡಿ ಆರಿಸಬೇಕು.

ಕೋಲಿನ ಮೇಲೆ ನಿಲ್ಲುವ ಟೆಂಟಿಗೆ ಗೂಟಗಳು ಗಟ್ಟಿಯಾಗಿ ನೆಡಲೇಬೇಕು ಎಂಬುದೂ ಗಮನದಲ್ಲಿರಲಿ. ಕಂಬಿಗಳ ಟೆಂಟು ಬಂಡೆಯ ಮೇಲೂ ತಾನಾಗಿ ನಿಲ್ಲುತ್ತದೆ. ಹಿಮನದಿ ತಂದು ಸುರಿದ ಕಲ್ಲುಗಳ ನಡುವೆ ಗೂಟ ನೆಡಲಾಗದೆ ಹಗ್ಗಗಳನ್ನು ಕಲ್ಲಿಗೆ ಸುತ್ತಿ ಕಟ್ಟುತ್ತಾ ಕೂತವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಟಾರ್ಪು

ಟಾರ್ಪು ಎಂದರೆ ಬೇರೇನಲ್ಲ, ಅಡಿಕೆ ಅಂಗಳಕ್ಕೆ ಹೊದಿಸುವ ಟಾರ್ಪಾಲಿನ ನಯವಾದ ತಮ್ಮ. ನಾಲ್ಕು ಮೂಲೆಗೆ ಹಗ್ಗ, ನಡುವೆ ಎರಡು ಕೋಲು, ಎಂಟು ಗೂಟ. ಎರಡೂವರೆ ಮೀಟರ್ ಅಗಲ, 3 ಮೀಟರ್ ಉದ್ದದ ಸಿಲಿಕೋನ್ ಲೇಪಿತ ನೈಲಾನಿನ ಟಾರ್ಪು ಹಗ್ಗ ಸಹಿತ 400 ಗ್ರಾಂ ಆಸುಪಾಸು ತೂಗುತ್ತದೆ. ಟೆಂಟಿಗೆ ಹೋಲಿಸಿದರೆ ಬೆಲೆಯೂ ಕಡಿಮೆ. ಗಾಳಿ ಧಾರಾಳವಾಗಿ ಆಡುವುದರಿಂದ ಒಳಗೆ ಹನಿ ಕಟ್ಟುವುದೂ ಕಡಿಮೆ. ಮಳೆ ಸುರಿಯುತ್ತಿರುವಾಗ ಅದರಡಿ ಕೂತು ನಿರಾತಂಕವಾಗಿ ಚಹಾ ಕಾಯಿಸಬಹುದು, ಬಟ್ಟೆ ಬದಲಿಸಬಹುದು.

ಇದರ ಹಿಂದಿನ ಚರಿತ್ರೆ ನನಗೆ ಬಹಳ ಪ್ರಿಯವಾದುದು. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ, ಹನ್ನೊಂದು ಮಕ್ಕಳ ತಾಯಿ, ಅಮೆರಿಕದ ಪೂರ್ವದ ಬೆಟ್ಟಸಾಲಿನ 3,300 ಕಿಲೋಮೀಟರಿಗೂ ಉದ್ದದ ಅಪಲೇಷಿಯನ್ ಟ್ರೇಲನ್ನು ಒಬ್ಬಳೇ ನಡೆದು ಮುಗಿಸಿದಳು. ಆಕೆಯ ಬಳಿ ಟೆಂಟೂ ಇರಲಿಲ್ಲ, ಸ್ಲೀಪಿಂಗ್ ಬ್ಯಾಗೂ ಇರಲಿಲ್ಲ. ಕಾಲಲ್ಲಿ ಕ್ಯಾನ್ವಾಸ್ ಶೂ, ಹೆಗಲಲ್ಲಿ ತಾನೇ ಹೊಲಿದ ಚೀಲ, ಮಳೆ ಬಂದರೆ ಹೊದೆಯಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಮುಂದೆ 1990ರ ದಶಕದಲ್ಲಿ ರೇ ಜಾರ್ಡಿನ್ ಮತ್ತು ಅವರ ಪತ್ನಿ ಜೆನ್ನಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗಿನ ಸುಮಾರು 4,265 ಕಿಲೋಮೀಟರಿನ ಪೆಸಿಫಿಕ್ ಕ್ರೆಸ್ಟ್ ಟ್ರೇಲನ್ನು ಸ್ವಂತ ಹೊಲಿದ ಟಾರ್ಪು ಮತ್ತು ಹೊದಿಕೆಗಳೊಡನೆ ನಡೆದು, ಹೀಗೆ ನಡೆಯುವ ಕ್ರಮವನ್ನು ಬರೆದು ಹರಡಿದರು. ಇಂದಿನ ಹಗುರ ಚಾರಣದ ಪದ್ಧತಿಗೆ ಅಲ್ಲಿಂದಲೇ ಬಲ ಬಂದಿತು.

ಆದರೆ ಆ ಎರಡು ದಾರಿಗಳ ಬಗ್ಗೆ ಎರಡು ಮಾತು ನೆನಪಿರಲಿ. ಅಪಲೇಷಿಯನ್ ದಾರಿಯಲ್ಲಿ ಮೂರು ಗೋಡೆಯ ಮರದ ತಂಗುದಾಣಗಳು ಸಾಲಾಗಿ ಇವೆ. ಪೆಸಿಫಿಕ್ ದಾರಿಯ ಅತಿ ಉದ್ದದ ಭಾಗ ಹಾದುಹೋಗುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಬೇಸಿಗೆಯೆಂದರೆ ಒಣಗಾಲ, ವಾರಗಟ್ಟಲೆ ಹನಿ ಬೀಳುವುದಿಲ್ಲ. ಆ ನೆಲದಲ್ಲಿ ಟಾರ್ಪು ಚೀಲದಲ್ಲೇ ಇದ್ದು, ಚಾರಣಿಗ ನಕ್ಷತ್ರಗಳ ಕೆಳಗೆ ಮಲಗುತ್ತಾನೆ. ಅದನ್ನೇ ಆಗುಂಬೆಯ ಸೀಮೆಗೆ ತಂದರೆ ಏನಾದೀತು? ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಡೆ, ಟಾರ್ಪಿನ ಅಂಚಿನಿಂದ ಇಳಿದ ನೀರು ನೆಲಕ್ಕೆ ಬಡಿದು ಒಳಕ್ಕೆ ಸಿಡಿಯುತ್ತದೆ. ನೆಲದ ಮೇಲೇ ನೀರು ಹರಿದು ಹಾಸಿನಡಿಗೆ ನುಗ್ಗುತ್ತದೆ. ಅದರ ಮೇಲೆ ಇಂಬಳಗಳು. ಮನುಷ್ಯನ ಬಿಸಿಯುಸಿರನ್ನು ಗುರುತಿಸಿ ಎಲೆಯ ತುದಿಯಲ್ಲಿ ತಲೆಯೆತ್ತಿ ತೂಗಾಡುವ ಅವಕ್ಕೆ ತಳವಿಲ್ಲದ ಆಸರೆಯೆಂದರೆ ತೆರೆದಿಟ್ಟ ಬಾಗಿಲು. ಉಪ್ಪು, ಸುಣ್ಣ, ನಶ್ಯ ಹಚ್ಚಿಕೊಂಡು ಹಗಲು ನಡೆಯಬಹುದು. ಮಳೆಯಲ್ಲಿ ರಾತ್ರಿಯಿಡೀ ಅದು ನಿಲ್ಲುವುದಿಲ್ಲ.

ಮಳೆ ನಿಂತ ಮೇಲೆ ಮಲೆನಾಡಿನಲ್ಲಿ ಟಾರ್ಪು ಸುರಕ್ಷಿತವೆಂದು ಹಲವರು ತಿಳಿಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ, ಮತ್ತು ಇದೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗುಗಳ ಕಡಿತದಿಂದ, ಮತ್ತು ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣಗಾಲ. ಅಂದರೆ ಚಾರಣಕ್ಕೆ ಪ್ರಶಸ್ತವೆಂದು ನಾವು ಆರಿಸುವ ತಿಂಗಳುಗಳೇ. ಎಳ್ಳಿನಷ್ಟು ಸಣ್ಣದಾದ ಎಳೆ ಉಣುಗು ತರಗೆಲೆಗಳ ನಡುವೆ ಇರುತ್ತದೆ. ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಭಾಗದ ಕಾಡಂಚಿನಲ್ಲಿ ತರಗೆಲೆಯ ಮೇಲೆ ಒಂದು ಹಾಳೆ ಹಾಸಿ ಮಲಗುವುದನ್ನು ಎಷ್ಟು ಗ್ರಾಂ ಉಳಿದರೂ ಮಾಡಬಾರದು. ಮಲಗಲೇಬೇಕಾದರೆ ತಳಕ್ಕೂ ಗೋಡೆಗೂ ಬಿಡದೆ ಹೊಲಿದ, ಜಿಪ್ ಇರುವ ಬಲೆಯ ಗೂಡು ಬೇಕು.

ಆಗ ಲೆಕ್ಕ ಏನಾಗುತ್ತದೆ ನೋಡಿ. ಟಾರ್ಪು 400, ತಳವಿರುವ ಬಲೆಯ ಗೂಡು 250, ಗೂಟಗಳು 100, ಎಲ್ಲ ಸೇರಿ 750 ಗ್ರಾಂ. ಒಂದು ಪದರದ ಟೆಂಟೂ ಇಷ್ಟೇ ತೂಗುತ್ತದೆ. ಟಾರ್ಪಿನ ಹೆಸರಿನಲ್ಲಿ ಹೇಳುವ ತೂಕದಲ್ಲಿ ಈ ಬಲೆ ಸೇರಿರುವುದೇ ಇಲ್ಲ. ಹಾಗಿದ್ದೂ ಟಾರ್ಪನ್ನು ಆರಿಸಲು ಒಳ್ಳೆಯ ಕಾರಣಗಳಿವೆ: ಗಾಳಿಯಾಡುವಿಕೆ, ಕಡಿಮೆ ಬೆಲೆ, ಮತ್ತು ನೆಲಕ್ಕೆ ತಕ್ಕಂತೆ ಎತ್ತರ ತಗ್ಗು ಮಾಡಿ ಕಟ್ಟುವ ಸ್ವಾತಂತ್ರ್ಯ. ತೂಕ ಮಾತ್ರ ಆ ಕಾರಣಗಳಲ್ಲಿ ಒಂದಲ್ಲ.

ಹ್ಯಾಮಕ್

ತೇವವೂ ಇಂಬಳವೂ ನೆಲದಲ್ಲಿದ್ದರೆ ನೆಲವನ್ನೇ ಬಿಟ್ಟುಬಿಡಬಹುದಲ್ಲ ಎಂಬುದು ಹ್ಯಾಮಕ್, ಅಂದರೆ ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ಜೋಲಿ, ತೂಗುವವರ ವಾದ. ಇಳಿಜಾರಿನ ಕಾಫಿ ತೋಟದಲ್ಲಿ, ಕೆಸರಾದ ಹಳ್ಳದ ದಡದಲ್ಲಿ, ಸಮತಟ್ಟಾದ ಒಂದು ಗೇಣು ಜಾಗವೂ ಸಿಗದ ಕಡೆ ಇದಕ್ಕಿಂತ ಸುಖವಾದ ನಿದ್ದೆ ಬೇರೆಯದರಲ್ಲಿ ಬರಲಾರದು ಎಂದು ನಾನೂ ಹೇಳುತ್ತೇನೆ. ನಾಲ್ಕೈದು ಮೀಟರ್ ಅಂತರದ ಎರಡು ಗಟ್ಟಿ ಮರ, ತೊಗಟೆಗೆ ಗಾಯವಾಗದಂತೆ ಕನಿಷ್ಠ ಎರಡೂವರೆ ಸೆಂಟಿಮೀಟರ್ ಅಗಲದ ಪಟ್ಟಿ, ಪಟ್ಟಿಗೂ ನೆಲಮಟ್ಟಕ್ಕೂ ಸುಮಾರು 30 ಡಿಗ್ರಿ ಕೋನ. ಜೋಲಿಯಲ್ಲಿ ಉದ್ದಕ್ಕೆ ನೇರವಾಗಿ ಮಲಗಿದರೆ ಬೆನ್ನು ಬಾಳೆಕಾಯಿಯಂತೆ ಬಾಗುತ್ತದೆ. ಕರ್ಣದ ಗೆರೆಯಲ್ಲಿ ಓರೆಯಾಗಿ ಮಲಗಿದರೆ ಬಟ್ಟೆ ಅಗಲಗೊಂಡು ಬೆನ್ನು ಸಮನಾಗುತ್ತದೆ. ಹ್ಯಾಮಕ್ ತಮಗೆ ಒಗ್ಗದು ಎನ್ನುವ ಹಲವರು ಈ ಓರೆ ಮಲಗುವ ಕ್ರಮವನ್ನು ಪ್ರಯತ್ನಿಸಿರುವುದೇ ಇಲ್ಲ.

ತೂಕದಲ್ಲಿ ಇದು ಗೆಲ್ಲುವುದಿಲ್ಲ. ಜೋಲಿ, ಪಟ್ಟಿ, ಬಲೆ, ಮೇಲಿನ ಟಾರ್ಪು, ಎಲ್ಲಕ್ಕಿಂತ ಮುಖ್ಯವಾಗಿ ಬೆನ್ನ ಕೆಳಗಿನ ಹೊದಿಕೆ ಸೇರಿ 1.3ರಿಂದ 1.7 ಕಿಲೋ ಆಗುತ್ತದೆ. ಬೆನ್ನ ಕೆಳಗಿನ ಹೊದಿಕೆಯನ್ನು ಬಿಟ್ಟರಾಯಿತು ಎಂದುಕೊಳ್ಳಬಾರದು. ಮೈಭಾರಕ್ಕೆ ಸಿಕ್ಕ ಸ್ಲೀಪಿಂಗ್ ಬ್ಯಾಗಿನ ತುಂಬು ಅಪ್ಪಚ್ಚಿಯಾಗಿ, ಅಡಿಯಲ್ಲಿ ತಣ್ಣನೆ ಗಾಳಿ ಹರಿಯುತ್ತಿದ್ದರೆ, 15 ಡಿಗ್ರಿಯ ರಾತ್ರಿಯಲ್ಲೂ ನಡುಕ ಹುಟ್ಟುತ್ತದೆ. ಮರಗಳ ಪ್ರಶ್ನೆ ಇನ್ನೂ ದೊಡ್ಡದು. ಘಟ್ಟದ ನೆತ್ತಿಯೆಲ್ಲ ಹುಲ್ಲುಬೋಳು. ಶೋಲಾ ಕಾಡು ಇರುವುದು ಕಣಿವೆಯ ಮಡಿಲುಗಳಲ್ಲಿ, ಅಲ್ಲಿ ಮಲಗಲು ಅನುಮತಿಯೂ ಇರುವುದಿಲ್ಲ. ಹಿಮಾಲಯದಲ್ಲಿ ಮರಗಳ ಎಲ್ಲೆ ದಾಟಿದ ಮೇಲೆ ಹ್ಯಾಮಕ್ ಬರೀ ಹೊರೆ. ತೋಟ ಮತ್ತು ಕೆಳಗಿನ ಕಾಡಿನ ದಾರಿಗಳಿಗೆ ಇದು ಉತ್ತಮ ಆಯ್ಕೆ, ಬೇರೆಡೆಗಲ್ಲ.

ಬಟ್ಟೆಯ ವಿಷಯ

ಅಂಗಡಿಯಲ್ಲಿ ಮೂರು ಹೆಸರು ಕೇಳಿಬರುತ್ತವೆ. ನೈಲಾನ್ ಗಟ್ಟಿಯಾದರೂ ನೀರು ಕುಡಿದು ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಆಸರೆ ಮಧ್ಯರಾತ್ರಿಗೆ ಜೋತುಬೀಳುತ್ತದೆ, ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗುವುದಿಲ್ಲ. ಡೈನೀಮಾ ಎಂಬ ಹಾಳೆಯಂತಹ ಬಟ್ಟೆ ನೀರನ್ನು ಹೀರುವುದೇ ಇಲ್ಲ, ತೂಕವೂ ಅರ್ಧದ ಆಸುಪಾಸು, ಬೆಲೆ ಮಾತ್ರ ಹಲವು ಪಟ್ಟು. ಮಳೆನಾಡಿನವರು ಪಾಲಿಯೆಸ್ಟರ್ ಕೊಳ್ಳಲಿ ಎಂಬುದು ನನ್ನ ಸಲಹೆ. ಡೈನೀಮಾಕ್ಕೆ ಕೊಡುವ ಹಣದಲ್ಲಿ ಒಳ್ಳೆಯ ಹೊದಿಕೆಯೂ ರೈಲಿನ ಟಿಕೆಟ್ಟೂ ಬರುತ್ತವೆ.

ಹೊದಿಕೆ ಮತ್ತು ಹಾಸು

ಹೊದಿಕೆಯಲ್ಲಿ ಮೊದಲ ಆಯ್ಕೆ ತುಂಬಿನದು. ಹೆಬ್ಬಾತು ಅಥವಾ ಬಾತಿನ ಎದೆಯ ತುಪ್ಪಳವಾದ ಡೌನ್ ತೂಕಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಹೆಚ್ಚು ಬೆಚ್ಚಗಿಡುತ್ತದೆ, ಹಿಂಡಿದರೆ ಚೊಂಬಿನಷ್ಟಾಗುತ್ತದೆ. ಆದರೆ ಒದ್ದೆಯಾದರೆ ಮುದ್ದೆಯಾಗಿ, ಶಾಖ ಹಿಡಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಕೃತಕ ನಾರು ಅಷ್ಟೇ ಬೆಚ್ಚಗಿಡಲು ಹೆಚ್ಚು ತೂಗಬೇಕಾಗುತ್ತದೆ, ಒದ್ದೆಯಾದಾಗ ಮಾತ್ರ ಪೂರ್ತಿ ಕೈಬಿಡುವುದಿಲ್ಲ. ಕುರುಬರ ಕಂಬಳಿಯೂ ಇದೇ ಗುಣದ್ದು: ನೆನೆದರೂ ಬಿಸುಪು ಉಳಿಸಿಕೊಳ್ಳುತ್ತದೆ, ತೂಕ ಹೆಚ್ಚೆಂಬ ಒಂದೇ ಕಾರಣಕ್ಕೆ ಅದನ್ನು ಈ ಹೋಲಿಕೆಯಿಂದ ಹೊರಗಿಡಬೇಕಾಗಿದೆ. ಹಿಮಾಲಯಕ್ಕೆ ಡೌನ್, ಘಟ್ಟಕ್ಕೆ ಕೃತಕ ನಾರು ಎಂದು ಸ್ಥೂಲವಾಗಿ ಹೇಳಬಹುದು. ಘಟ್ಟದ ಚಳಿಗೆ ಹೆಚ್ಚು ದಪ್ಪದ ಹೊದಿಕೆ ಬೇಡವಾದ್ದರಿಂದ ಕೃತಕ ನಾರಿನ ಹೆಚ್ಚುವರಿ ತೂಕವೂ ಅಲ್ಲಿ ಅಷ್ಟಾಗಿ ಕಾಡುವುದಿಲ್ಲ.

ಸ್ಲೀಪಿಂಗ್ ಬ್ಯಾಗಿಗೆ ಬದಲಾಗಿ ಕ್ವಿಲ್ಟ್ ಎಂಬ, ಬೆನ್ನ ಭಾಗವಿಲ್ಲದ ಹೊದಿಕೆ ಈಗ ಪ್ರಚಾರದಲ್ಲಿದೆ. ನಮ್ಮ ಕೌದಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆನ್ನ ಕೆಳಗೆ ಅಪ್ಪಚ್ಚಿಯಾದ ತುಂಬು ಹೇಗೂ ಬೆಚ್ಚಗಿಡುವುದಿಲ್ಲ, ಆ ಭಾಗವನ್ನೇಕೆ ಹೊರಬೇಕು ಎಂಬುದು ಇದರ ತರ್ಕ. ಸೊನ್ನೆ ಡಿಗ್ರಿಯವರೆಗೆ ನಾನು ಕ್ವಿಲ್ಟನ್ನೇ ಆರಿಸುತ್ತೇನೆ. ಅದಕ್ಕಿಂತ ಕೆಳಗೆ, ಮಗ್ಗಲು ಬದಲಿಸುವಾಗ ಅಂಚಿನಿಂದ ನುಗ್ಗುವ ಗಾಳಿ ನಿದ್ದೆ ಕೆಡಿಸುತ್ತದೆ. ಕೊಳ್ಳುವಾಗ ಚೀಟಿಯ ಮೇಲಿನ ಎರಡು ಉಷ್ಣತೆಗಳಲ್ಲಿ ಹಾಯಾಗಿ ಮಲಗಬಹುದಾದ ಉಷ್ಣತೆಯನ್ನು ನೋಡಬೇಕು. ದೊಡ್ಡಕ್ಷರದಲ್ಲಿ ಅಚ್ಚಾಗಿರುವುದು ಹಲವೊಮ್ಮೆ ಕನಿಷ್ಠ ಮಿತಿ.

ಹಾಸಿನ ಬಗ್ಗೆ ಜಿಪುಣತನ ಬೇಡ. ನೆಲ ಮೈಶಾಖವನ್ನು ಹೀರುವುದನ್ನು ಹಾಸು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ಆರ್ ಮೌಲ್ಯವೆಂಬ ಅಂಕಿಯಿಂದ ಹೇಳುತ್ತಾರೆ. ಮಡಚುವ ಫೋಮ್ ಹಾಸಿನ ಮೌಲ್ಯ ಸುಮಾರು 2, ತೂಕ 400 ಗ್ರಾಂ. ಹರಿಯುವ ಭಯವಿಲ್ಲ, ದಾರಿಯಲ್ಲಿ ಕೂರಲೂ ಬರುತ್ತದೆ. ಹಿಮದ ಮೇಲೆ ಮಲಗುವವರಿಗೆ 4ರಿಂದ 5 ಬೇಕು, ಅದಕ್ಕೆ ಗಾಳಿ ತುಂಬುವ ಹಾಸೇ ಸರಿ. ತೆಳು ಹಾಸಿನ ಮೇಲೆ ದುಬಾರಿ ಡೌನ್ ಹೊದ್ದು ರಾತ್ರಿಯೆಲ್ಲ ನಡುಗಿದವರು ತಪ್ಪು ಹೊರಿಸುವುದು ಹೊದಿಕೆಯ ಮೇಲೆ.

ಬೆನ್ನುಚೀಲವನ್ನು ಎಲ್ಲದರ ಕೊನೆಗೆ ಕೊಳ್ಳಬೇಕು. ಮೇಲಿನವೆಲ್ಲ ಮನೆಗೆ ಬಂದ ಮೇಲೆ ಅವನ್ನೂ ಐದಾರು ದಿನದ ಆಹಾರವನ್ನೂ ರಾಶಿ ಹಾಕಿ ನೋಡಿದರೆ ಎಷ್ಟು ಲೀಟರ್ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಒಟ್ಟು ಹೊರೆ 10 ಕಿಲೋ ಒಳಗಿದ್ದರೆ ಚೌಕಟ್ಟಿಲ್ಲದ 500 ಗ್ರಾಮಿನ ಚೀಲ ನಡೆಯುತ್ತದೆ. ದಿನಕ್ಕೆ 700 ಗ್ರಾಮಿನಂತೆ ಆಹಾರ, ಲೀಟರಿಗೊಂದು ಕಿಲೋದಂತೆ ನೀರು ಸೇರಿ ಅದನ್ನು ಮೀರುವುದಾದರೆ ಸೊಂಟಪಟ್ಟಿಯೂ ಚೌಕಟ್ಟೂ ಇರುವ 1 ಕಿಲೋ ಚೀಲ ಹೆಗಲನ್ನು ಉಳಿಸುತ್ತದೆ.

ಮಳೆಯಲ್ಲಿ ನಡೆಯುವಾಗ

ರಾತ್ರಿಯ ಆಸರೆ ಒಣಗಿರಬೇಕಾದರೆ ಹಗಲಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆವರನ್ನು ಹೊರಬಿಟ್ಟು ಮಳೆಯನ್ನು ತಡೆಯುತ್ತದೆ ಎನ್ನುವ ದುಬಾರಿ ಜಾಕೆಟ್ ಕೆಲಸ ಮಾಡುವುದು ಒಳಗಿನ ಆವಿಗೂ ಹೊರಗಿನ ಗಾಳಿಗೂ ದೊಡ್ಡ ವ್ಯತ್ಯಾಸವಿದ್ದಾಗ. ತಣ್ಣನೆಯ ಹಿಮಾಲಯದಲ್ಲಿ ಆ ವ್ಯತ್ಯಾಸವಿದೆ. ಆಷಾಢದ ಘಟ್ಟದಲ್ಲಿ ಹೊರಗಿನ ಗಾಳಿಯೇ ಬೆಚ್ಚಗೆ ಒದ್ದೆಯಾಗಿರುವುದರಿಂದ ಏರುದಾರಿಯ ಅರ್ಧ ಗಂಟೆಯಲ್ಲಿ ಜಾಕೆಟ್ಟಿನ ಒಳಗೂ ಹೊರಗೂ ಒಂದೇ ಆಗುತ್ತದೆ. ತಲೆಯಿಂದ ಇಳಿಬಿಡುವ ತೋಳಿಲ್ಲದ ಮಳೆಹೊದಿಕೆಯಾದ ಪೊಂಚೊ, ಚೀಲವನ್ನೂ ಮೈಯನ್ನೂ ಒಟ್ಟಿಗೆ ಮುಚ್ಚಿ ಅಡಿಯಿಂದ ಗಾಳಿಯಾಡಲು ಬಿಡುತ್ತದೆ. ತಲೆಯಿಂದ ಬೆನ್ನಿಗೆ ಇಳಿಬಿಟ್ಟು ಗದ್ದೆನಾಟಿ ಮಾಡುತ್ತಿದ್ದ ಗೊರಬೆ, ಕಂಬಳಿಕೊಪ್ಪೆಗಳೂ ಇದೇ ಬಗೆಯವು. ನೆತ್ತಿಯ ಗಾಳಿಗೆ ಮಾತ್ರ ಪೊಂಚೊ ಹಾಯಿಯಂತೆ ಹಾರಾಡುತ್ತದೆ, ಅದಕ್ಕೆ ಸೊಂಟಕ್ಕೊಂದು ದಾರ ಬೇಕು. ತೋಟದ ರಸ್ತೆ, ಗಾಡಿದಾರಿಗಳಲ್ಲಿ 250 ಗ್ರಾಮಿನ ಕೊಡೆಯೇ ಎಲ್ಲಕ್ಕಿಂತ ಉತ್ತಮ.

ಚೀಲದ ಮೇಲೆ ಹಾಕುವ ಮಳೆಗವಸನ್ನು ನಂಬಬೇಡಿ. ನೀರು ಬೆನ್ನಿನ ಕಡೆಯಿಂದ ಇಳಿಯುತ್ತದೆ. ಚೀಲದ ಒಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲ ಇಳಿಸಿ, ಹೊದಿಕೆ ಮತ್ತು ಒಂದು ಜೊತೆ ಒಣಬಟ್ಟೆಯನ್ನು ಅದರಲ್ಲಿಟ್ಟು, ಬಾಯನ್ನು ತಿರುಚಿ ಕಟ್ಟಬೇಕು. ಒದ್ದೆ ಟೆಂಟು ಈ ಚೀಲದ ಹೊರಗೆ ಇರಬೇಕು.

ಇಷ್ಟನ್ನು ಓದಿ ಅಕ್ಟೋಬರಿನಲ್ಲಿ ಮೊದಲ ಬಾರಿ ಹಿಮಾಚಲಕ್ಕೆ ಹೊರಡುವವರಿಗೆ ಒಂದೇ ಉತ್ತರ ಬೇಕಿದ್ದರೆ: ಎರಡು ಪದರದ ಹಗುರ ಟೆಂಟು, ಡೌನ್ ಸ್ಲೀಪಿಂಗ್ ಬ್ಯಾಗು, ಆರ್ ಮೌಲ್ಯ 4ರ ಹಾಸು. ಇಬ್ಬರು ಹೋಗುವುದಾದರೆ ಇಬ್ಬರಿಗೂ ಒಂದೇ ಟೆಂಟು. ಒಬ್ಬರು ಕಂಬಿ ಮತ್ತು ಗೂಟ, ಇನ್ನೊಬ್ಬರು ಬಟ್ಟೆ ಹೊತ್ತರೆ ತಲೆಗೆ 1 ಕಿಲೋ ದಾಟುವುದಿಲ್ಲ, ಬಲೆಗೂಡು ಸೇರಿದ ಟಾರ್ಪಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಮಲೆನಾಡಿನ ತೋಟಗಳ ನಡುವೆ ಊರಿಂದೂರಿಗೆ ನಡೆಯುವವರಿಗೆ ಬಲೆಯಿರುವ ಹ್ಯಾಮಕ್ ಅಥವಾ ಬಲೆಗೂಡಿನ ಮೇಲೆ ಕಟ್ಟಿದ ಪಾಲಿಯೆಸ್ಟರ್ ಟಾರ್ಪು, ಕೃತಕ ನಾರಿನ ಕ್ವಿಲ್ಟ್, ಒಂದು ಕೊಡೆ.

ಕೊಂಡದ್ದನ್ನು ಹೊರಡುವ ಮುನ್ನ ಮನೆಯ ತಾರಸಿಯ ಮೇಲೆ ಒಂದು ಮಳೆಯ ರಾತ್ರಿ ಕಟ್ಟಿ ಮಲಗಿ. ತಾರಸಿಯಲ್ಲಿ ಗೂಟ ನೆಡಲಾಗದಿದ್ದರೆ ನೀರು ತುಂಬಿದ ಕೊಡಗಳಿಗೆ ಹಗ್ಗ ಕಟ್ಟಬಹುದು. ಹೊಲಿಗೆಯಲ್ಲಿ ಎಲ್ಲಿ ನೀರು ಜಿನುಗುತ್ತದೆ, ಯಾವ ಗಂಟು ಜಾರುತ್ತದೆ ಎಂಬುದು ಆ ರಾತ್ರಿ ತಿಳಿಯುತ್ತದೆ. ಮರಳಿ ಬಂದ ದಿನವೇ ಟೆಂಟನ್ನು ಬಿಚ್ಚಿ ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ತೇವದೊಡನೆ ಮಡಚಿಟ್ಟರೆ, ನೀರು ತಡೆಯಲೆಂದು ಟೆಂಟಿನ ಬಟ್ಟೆಗೆ ಬಳಿದ ಪಾಲಿಯುರೆಥೇನ್ ಲೇಪನ ಒಂದೆರಡು ಮಳೆಗಾಲದಲ್ಲಿ ಅಂಟಂಟಾಗಿ, ಹುಳಿವಾಸನೆ ಹಿಡಿದು, ಹೊಟ್ಟಿನಂತೆ ಉದುರತೊಡಗುತ್ತದೆ, ಅದಕ್ಕೆ ಮದ್ದಿಲ್ಲ.